ಮೈಸಮ್ಮನ ಹಂದಿಯ ಶ್ವಾಸಕೋಶ

ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಕೆಳಗಿನ ಸಹಿ. ಸರ್ವೀಸಿನ ಕಾಲದ ಚಟ. ಹೇಳುವವರು ಯಾರು ಅಂತ ಗೊತ್ತಾದ ಮೇಲೆ ಏನು ಹೇಳಿದ್ದಾರೆ ಅಂತ ಓದುವುದು. ಆ ಸಹಿ ಕಂಡದ್ದೇ ತಡ, ಹೈದರಾಬಾದಿನ ನಾರಾಯಣಗೂಡದ ನನ್ನ ಬಾಲ್ಕನಿಯಲ್ಲಿ ತಣ್ಣಗೆ ಕೂತಿದ್ದ ನನಗೆ ಕಿವಿಯವರೆಗೆ ಬಿಸಿ ಏರಿತು.

"ಯಾಕ್ರಿ ಮೇಡಂ, ಗುರ್ತಿನವ್ರೇನು?" ಅಂದಳು ಎದುರಿಗೆ ಕೂತಿದ್ದ ಹುಡುಗಿ.

"ಗುರ್ತಂದ್ರ ಭಾಳ ಗುರ್ತು. ನೀ ಚಹಾ ಕುಡಿ."

ಹುಡುಗಿ ಹುಬ್ಬಳ್ಳಿಯವಳು, ಪಶುವೈದ್ಯೆ. ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಮಂದಿಯ ನಾಯಿ ಬೆಕ್ಕುಗಳಿಗೆ ಕ್ಲಿನಿಕ್ ಇಟ್ಟಿದ್ದಾಳೆ. ರಜಾ ದಿನಗಳಲ್ಲಿ ಊರಂಚಿನ ಒಂದು ಹಂದಿ ದೊಡ್ಡಿಗೆ ಹೋಗಿ ಪುಕ್ಕಟೆ ಔಷಧ ಕೊಟ್ಟು ಬರುತ್ತಾಳೆ. ಅಲ್ಲಿಯ ನಾಟಿ ಹಂದಿಗಳು ಒಂದೊಂದಾಗಿ ಉಸಿರು ಕಟ್ಟಿ ಸಾಯುತ್ತಿದ್ದವು. ಸತ್ತ ಒಂದರ ಶ್ವಾಸಕೋಶವನ್ನು ಐಸಿನಲ್ಲಿಟ್ಟು ಅವಳು ಲ್ಯಾಬಿಗೆ ಕೊಟ್ಟಿದ್ದಳು. ಉತ್ತರ ಬಂದಿತ್ತು: ಬ್ಯಾಕ್ಟೀರಿಯಾ ಬೆಳೆದಿಲ್ಲ, ವೈರಸ್ಸಿನ ಶಂಕೆ ಇದೆ, ಅಲ್ಲಿನ ಎಲ್ಲ ನಾಟಿ ಹಂದಿಗಳನ್ನು ಕೊಂದು ಹೂಳುವುದು ಸೂಕ್ತ.

"ದೂರದ ಲ್ಯಾಬಿಗೆ ವೈರಸ್ ಟೆಸ್ಟಿಗೂ ಕಳ್ಸ್ಯಾರ್ರಿ. ಅದರ ರಿಸಲ್ಟ್ ಬರೂತನಕ ಯಾರೂ ಕಾಯಂಗಿಲ್ಲ. ಪಕ್ಕದಾಗ ಬಿಳಿ ಸೀಮೆಹಂದಿ ಫಾರ್ಮ್ ಐತಿ. ಅವ್ರಿಗೆ ಇವು ಹೋದ್ರ ಸಾಕಾಗೇತಿ. ಪಶು ಇಲಾಖೆ ಕಮಿಟಿ ಕೂಡಾಕತ್ತೈತ್ರಿ. ಅವ್ರು ಹೂಂ ಅಂದ್ರ ಗುಂಡಿ ತೋಡಿ, ಸುಣ್ಣ ಸುರದು ಮುಗಸ್ತಾರ."

"ಫಾರ್ಮಿನ ಕನ್ಸಲ್ಟಂಟ್ ಯಾರು?"

ಅವಳು ರಿಪೋರ್ಟಿನ ಸಹಿಯ ಮೇಲೆ ಬೆರಳಿಟ್ಟಳು.

ಇಲ್ಲಿ ಅವರನ್ನು ಸಾಹೇಬರು ಅಂತ ಕರೆದರೆ ಸಾಕು. ನಾನೂ ಅವರೂ ಒಂದೇ ಲ್ಯಾಬಿನಲ್ಲಿ ಇದ್ದವರು, ಜಾನುವಾರುಗಳ ರೋಗಾಣು ನಮ್ಮಿಬ್ಬರ ಕಸುಬು. ನಾನು ರಿಟೈರ್ ಆದ ಮರುವಾರವೇ ಅವರು ನನ್ನ ಕಲ್ಚರ್‌ಗಳನ್ನೆಲ್ಲ ಆಟೋಕ್ಲೇವಿನ ಹಬೆಗೆ ಹಾಕಿಸಿ ಕೊಲ್ಲಿಸಿದರು. ಹಂದಿ, ಕುರಿ, ಕೋಣಗಳಿಂದ ವರ್ಷಗಟ್ಟಲೆ ಕೂಡಿಸಿ, ಒಣಗಿಸಿ, ಸಣ್ಣ ಗಾಜಿನ ಆಂಪೂಲುಗಳಲ್ಲಿ ಜೀವಂತ ಮುಚ್ಚಿಟ್ಟಿದ್ದ ಬ್ಯಾಕ್ಟೀರಿಯಾಗಳು. ಫ್ರಿಜ್ಜಿನಲ್ಲಿ ಜಾಗ ಬೇಕಿತ್ತಂತೆ. ಕೇಳಿದ್ದಕ್ಕೆ, "ಅರೆ ಮೇಡಂ, ಹಂದಿ ಕೆಮ್ಮಿಗೆ ಯಾರಾದ್ರೂ ಮ್ಯೂಸಿಯಂ ಕಟ್ತಾರಾ?" ಅಂತ ನಕ್ಕಿದ್ದರು. ನನ್ನನ್ನು ಓದಿಸಿದ ಕಾನ್ವೆಂಟಿನ ಸಿಸ್ಟರುಗಳು ಫರ್ಗಿವ್‌ನೆಸ್ ಬಗ್ಗೆ ಬಹಳ ಹೇಳುತ್ತಿದ್ದರು. ಪಾಪ, ಎಷ್ಟು ಚಂದದ ಇಂಗ್ಲಿಷ್ ಅವರದು. ಎಲ್ಲ ಸಬ್ಜೆಕ್ಟಿನಲ್ಲೂ ನಾನು ಫಸ್ಟ್ ಬರುತ್ತಿದ್ದೆ, ಆ ಒಂದರಲ್ಲಿ ಮಾತ್ರ ಇವತ್ತಿಗೂ ಪಾಸಾಗಿಲ್ಲ.

"ನಡಿ, ದೊಡ್ಡಿಗೆ ಹೋಗೋಣ," ಅಂದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲಿಳಿದೆ.

ದೊಡ್ಡಿಯ ಯಜಮಾನ್ತಿ ನನ್ನದೇ ವಯಸ್ಸಿನವಳು, ನನಗಿಂತ ಗಟ್ಟಿ. ಗಂಡ ತೀರಿಕೊಂಡ ಮೇಲೆ ಆ ಹಂದಿಗಳೇ ಅವಳ ಸಂಸಾರ. ಕರಿ ಮೈ, ಉದ್ದ ಮೂತಿ, ಬೆನ್ನ ಮೇಲೆ ನಿಮಿರಿದ ಕೂದಲಿನ ಸಾಲು. ಅವಳ ತೆಲುಗಿನಲ್ಲಿ ಅವು ನಾಟು ಪಂದಿ. ನಾಟಿ ಹಂದಿ ಅಂದರೆ ಕಲ್ಲಿನಂಥ ಪ್ರಾಣಿ, ಏನು ತಿಂದರೂ ಅರಗಿಸಿಕೊಳ್ಳುತ್ತೆ, ಎಲ್ಲಿ ಮಲಗಿದರೂ ಏಳುತ್ತೆ ಅಂತ ನಾವು ಪಾಠ ಮಾಡುತ್ತಿದ್ದೆವು. ಅಂಥವು ನಾಯಿಯ ಹಾಗೆ ಮುಂಗಾಲೂರಿ ಕೂತಿದ್ದವು. ಮಲಗಿದರೆ ಉಸಿರು ಸಿಗದು. ಬಾಯಿ ತೆರೆದು, ಹೊಟ್ಟೆಯಿಂದ ಗಾಳಿ ಎಳೆಯುತ್ತಿದ್ದವು. ಒಂದರ ಮೂಗಿನಿಂದ ಕೆಂಪು ನೊರೆ.

"ಇದು ಯಾವಾಗಿಂದ?" ಅಂದೆ.

ಯಜಮಾನ್ತಿ ಮೂಲೆಗೆ ಕೈ ತೋರಿಸಿದಳು. ಅಲ್ಲೊಂದು ದೊಡ್ಡ ಬಿಳಿ ಗಂಡು ಹಂದಿ ಆರಾಮಾಗಿ ಹೊಟ್ಟು ತಿನ್ನುತ್ತಾ, ನಡುನಡುವೆ ಕೆಮ್ಮುತ್ತಿತ್ತು. "ಆ ಸೀಮ ಪಂದಿ ಬಂದ ಮೇಲೆ, ದೊಡ್ಡ ಡಾಕ್ಟರಮ್ಮ. ಫಾರ್ಮಿನೋರು ಬೇಡ ಅಂತ ಕೊಟ್ಟರು. ಕೆಮ್ತಾನಲ್ಲಯ್ಯಾ ಅಂದ್ರೆ, ಫಾರ್ಮಿನ ದೊಡ್ಡ ಸಾರ್ ನೋಡಿದ್ದಾರೆ, ಏನೂ ಇಲ್ಲ ಅಂದರು. ಇವನು ಕೆಮ್ಮುತ್ತಾ ಬದುಕಿದ್ದಾನೆ, ನನ್ನವು ಕೆಮ್ಮೋಕೂ ಟೈಮಿಲ್ಲದೆ ಸಾಯ್ತಾವೆ."

ಅವತ್ತೇ ಸತ್ತ ಒಂದನ್ನು ಹುಡುಗಿ ಕೊಯ್ದು ತೋರಿಸಿದಳು. ಶ್ವಾಸಕೋಶ ಸ್ಪಂಜಿನಂತೆ ಇರಬೇಕು, ಇದು ಪಿತ್ತಜನಕಾಂಗದಂತೆ ಗಟ್ಟಿ, ಕಡುಗೆಂಪು. ಮೇಲೆಲ್ಲ ಹಳದಿ ಪೊರೆ, ಪಕ್ಕೆಲುಬಿಗೆ ಅಂಟಿಕೊಂಡು ಎಳೆದರೂ ಬಾರದು. ಈ ಚಿತ್ರ ನನಗೆ ಹೊಸದಲ್ಲ. ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೇ. ನಾವು ಲ್ಯಾಬಿನವರು ಎಪಿಪಿ ಅಂತೀವಿ. ಪ್ಲೇನ್, ಸಿಂಪಲ್ ಬ್ಯಾಕ್ಟೀರಿಯಾ, ವೈರಸ್ ಅಲ್ಲ. ಸರಿಯಾದ ಇಂಜೆಕ್ಷನ್ ಕೊಟ್ಟರೆ ಗುಣವಾಗುವ ಕಾಯಿಲೆ.

ಆದರೆ ಕಣ್ಣಿಗೆ ಕಂಡದ್ದನ್ನು ಕಮಿಟಿ ಕೇಳುವುದಿಲ್ಲ. ಪ್ಲೇಟಿನಲ್ಲಿ ಬೆಳೆಸಿ ತೋರಿಸಬೇಕು.

ನನ್ನ ಬಳಿ ಈಗ ಲ್ಯಾಬ್ ಎಲ್ಲಿದೆ? ನಾರಾಯಣಗೂಡದಲ್ಲೇ ನನ್ನ ಹಳೇ ಸ್ಟೂಡೆಂಟ್ ಒಬ್ಬಳು ಸಣ್ಣ ಪೆಥಾಲಜಿ ಲ್ಯಾಬ್ ನಡೆಸುತ್ತಾಳೆ. ಅವಳು ಒಂದು ಮೂಲೆ, ಒಂದು ಇನ್‌ಕ್ಯುಬೇಟರ್ ಬಿಟ್ಟುಕೊಟ್ಟಳು. ಪ್ಲೇಟಿಗೆ ಸುರಿಯುವ ಅಗಾರ್ ಎಂಬ ಅಂಟಿನಲ್ಲಿ ಬೆರೆಸಲು ಕುರಿಯ ರಕ್ತ ಬೇಕಿತ್ತು. ಮೆಹದಿಪಟ್ಟಣಂ ಕಡೆಯ ಕುರಿ ವ್ಯಾಪಾರಿಯೊಬ್ಬನನ್ನು ಒಪ್ಪಿಸಿ, ಹುಡುಗಿ ಒಂದು ಟಗರಿನ ಕುತ್ತಿಗೆಯ ರಕ್ತನಾಳದಿಂದ ರಕ್ತ ಎಳೆದಳು. "ಕೊಯ್ಯೋಕೆ ಬಂದೋರನ್ನ ನೋಡಿದೀನಿ, ಬರೀ ಚುಚ್ಚಿ ಸಲಾಂ ಹೊಡೆದು ಹೋಗೋರನ್ನ ಇವತ್ತೇ ನೋಡಿದ್ದು," ಅಂದ ಆತ. ಫ್ಲಾಸ್ಕಿನಲ್ಲಿ ಗಾಜಿನ ಮಣಿ ಹಾಕಿ, ಹೆಪ್ಪುಗಟ್ಟದ ಹಾಗೆ ನಾನು ಕಾರಿನಲ್ಲೇ ಕುಲುಕುತ್ತಾ ಬಂದೆ. ರಕ್ತದ ನಾರೆಲ್ಲ ಮಣಿಗಳಿಗೆ ಸುತ್ತಿಕೊಂಡು, ಉಳಿದದ್ದು ನೀರಾಗಿಯೇ ಇರುತ್ತದೆ. ಒಂದು ಕಾಲದಲ್ಲಿ ಈ ಕೆಲಸ ಹಾಡಿಕೊಂಡು ಮಾಡುತ್ತಿದ್ದೆ. ಈಗ ಭುಜ ಬಿದ್ದೇ ಹೋಯಿತು.

ಎಪಿಪಿ ಸುಮ್ಮನೆ ಬೆಳೆಯುವ ಜಾತಿಯಲ್ಲ. ಅದಕ್ಕೆ ವಿಟಮಿನ್ನಿನಂಥ ಒಂದು ವಸ್ತು ಬೇಕು, ತಾನೇ ತಯಾರಿಸಿಕೊಳ್ಳಲಾರದು. ಸ್ಟ್ಯಾಫ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಅದನ್ನು ಧಾರಾಳವಾಗಿ ತಯಾರಿಸಿ ಸುತ್ತ ಚೆಲ್ಲುತ್ತದೆ. ಹಾಗಾಗಿ ಮೊದಲು ಪ್ಲೇಟಿಗೆಲ್ಲ ಶ್ವಾಸಕೋಶದ ಸ್ಯಾಂಪಲ್ ಸವರಿ, ನಡುವೆ ಸ್ಟ್ಯಾಫಿನ ಒಂದು ಗೆರೆ ಎಳೆಯಬೇಕು. ನರ್ಸ್ ಸ್ಟ್ರೀಕ್ ಅಂತ ಅದರ ಹೆಸರು. ನರ್ಸಿನ ಸೆರಗು ಹಿಡಿದ ಮಕ್ಕಳ ಹಾಗೆ ಎಪಿಪಿ ಆ ಗೆರೆಯ ಪಕ್ಕದಲ್ಲಷ್ಟೇ ಬೆಳೆಯುತ್ತದೆ. ಯಾರದೋ ಕುರುವಿನಿಂದ ಬಂದ ಸ್ಟ್ಯಾಫನ್ನು ಸ್ಟೂಡೆಂಟ್ ಕೊಟ್ಟಳು. ಎಲ್ಲ ಮಾಡಿ ಇನ್‌ಕ್ಯುಬೇಟರಿಗಿಟ್ಟೆ.

ಮರುದಿನ ತೆರೆದರೆ ಸ್ಟ್ಯಾಫಿನ ಗೆರೆ ಒಂದೇ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ಒಂದು ಚುಕ್ಕಿಯೂ ಇಲ್ಲ.

ಯಜಮಾನ್ತಿಗೆ ಫೋನ್ ಮಾಡಿಸಿದೆ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟಳು. ಬೀದಿಯಲ್ಲಿ ಆಂಟಿಬಯಾಟಿಕ್ ಸೂಜಿ ಚುಚ್ಚುತ್ತಾ ತಿರುಗುವ ಒಬ್ಬನನ್ನು ಕರೆಸಿ ದೊಡ್ಡಿಗೆಲ್ಲ ಚುಚ್ಚಿಸಿದ್ದಳು. "ಸಾಯೋದನ್ನ ನೋಡ್ತಾ ಕೂತಿರ್ಲಾ?" ಅಂದಳು. ಏನು ಹೇಳಲಿ? ಅಂಥ ಅರೆಬರೆ ಡೋಸು ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಷ್ಟು ಮಾತ್ರ ಕೆಲಸ ಮಾಡುತ್ತೆ, ಪ್ರಾಣಿಯನ್ನು ಉಳಿಸುವಷ್ಟಲ್ಲ. ಮೊದಲು ಸಾಹೇಬರ ಲ್ಯಾಬಿಗೆ ಹೋದ ಸ್ಯಾಂಪಲ್ಲೂ ಚುಚ್ಚಿದ ಹಂದಿಯದೇ. ಅಂದರೆ ಅವರ "ನೋ ಗ್ರೋತ್" ತಪ್ಪು ಅಂತ ನಾನು ಹೇಳುವ ಹಾಗೂ ಇಲ್ಲ. ನಿಜ ಹೇಳುತ್ತೇನೆ, ಹಂದಿಗಳಿಗಾಗಿ ಬಂದ ಸಂಕಟಕ್ಕಿಂತ ಹಾಗೆ ಹೇಳಲಾಗದ ಸಂಕಟ ಹೆಚ್ಚಾಗಿತ್ತು ನನಗೆ.

ಆದರೂ ಸಾಹೇಬರನ್ನು ನೋಡಬೇಕೆನಿಸಿತು. ಹುಡುಗಿಯನ್ನು ಕರೆದುಕೊಂಡು ಅವರ ಹೊಸ ಪ್ರೈವೇಟ್ ಲ್ಯಾಬಿಗೆ ಹೋದೆ. ಏಸಿ, ಗಾಜಿನ ಬಾಗಿಲು, ಗೋಡೆ ತುಂಬ ಸರ್ಟಿಫಿಕೇಟುಗಳು.

"ಅರೆ ಮೇಡಂ! ಈ ವಯಸ್ಸಲ್ಲಿ ಹಂದಿ ಹಿಂದೆ ಓಡಾಡ್ತಿದೀರಂತೆ? ಮನೇಲಿ ಕೂತು ನಿಟ್ಟಿಂಗ್ ಮಾಡಬಾರದಾ?"

"ನಿಟ್ಟಿಂಗಿಗೆ ಕಣ್ಣು ಬೇಕಲ್ಲ ಸಾಹೇಬ್. ಹಂದಿ ದೊಡ್ಡದು, ಕಾಣುತ್ತೆ."

ಅವರು ಮನಸಾರೆ ನಕ್ಕು, ಲ್ಯಾಬ್ ತೋರಿಸಲು ಎದ್ದರು. ಒಂದೊಂದು ಮೆಶೀನಿನ ಮುಂದೂ ನಿಲ್ಲಿಸಿ ಅದು ಯಾವ ದೇಶದಿಂದ ಬಂತು ಅಂತ ಹೇಳಿದರು. ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ತಯಾರಿಸುವ ರೂಮಿನ ಫ್ರಿಜ್ ತೆರೆದು ಪ್ಲೇಟುಗಳ ಸಾಲು ತೋರಿಸಿದರು. ಮೇಲಿನ ತಟ್ಟೆಯಲ್ಲಿ ಒಂದು ರಕ್ತದ ಚೀಲ ಇತ್ತು. ಆಸ್ಪತ್ರೆಯಲ್ಲಿ ರೋಗಿಯ ತಲೆಯ ಮೇಲೆ ತೂಗುಹಾಕುತ್ತಾರಲ್ಲ, ಆ ಚೀಲ. ಬ್ಲಡ್ ಗ್ರೂಪ್ ಬರೆದ ಲೇಬಲ್, ಅವಧಿ ಮುಗಿದ ಸೀಲು.

ಕುರಿ ಹುಡುಕುವ, ಮಣಿ ಕುಲುಕುವ ಗೋಜು ಯಾಕೆ ಅಂತ, ಬ್ಲಡ್ ಬ್ಯಾಂಕಿನವರು ಬಿಸಾಡುವ ಮನುಷ್ಯರ ರಕ್ತ ತಂದು ಪ್ಲೇಟಿಗೆ ಸುರಿಯುವವರು ನಮ್ಮ ಕಡೆ ಎಷ್ಟೋ ಮಂದಿ ಇದ್ದಾರೆ. ಆ ರಕ್ತದಲ್ಲಿ ಕೊಟ್ಟವನ ದೇಹದ ಪ್ರತಿಕಾಯಗಳು, ಅವನು ನುಂಗಿದ ಮಾತ್ರೆ, ಹೆಪ್ಪುಗಟ್ಟದಿರಲು ಚೀಲಕ್ಕೆ ಹಾಕಿದ ಸಿಟ್ರೇಟ್, ಎಲ್ಲ ಇರುತ್ತೆ. ನಾಜೂಕು ಬ್ಯಾಕ್ಟೀರಿಯಾ ಅದರಲ್ಲಿ ತಲೆಯೆತ್ತದು. ಪಕ್ಕದಲ್ಲಿ ಬೆಳೆಸಿಟ್ಟಿದ್ದ ಪ್ಲೇಟುಗಳನ್ನು ಬಗ್ಗಿ ನೋಡಿದೆ. ನರ್ಸ್ ಸ್ಟ್ರೀಕಿನ ಗೆರೆ ಯಾವುದರಲ್ಲೂ ಇರಲಿಲ್ಲ. ಈ ಲ್ಯಾಬಿನಲ್ಲಿ ಎಪಿಪಿ ಎಂದೂ ಬೆಳೆದಿರಲಾರದು.

"ಬ್ಯೂಟಿಫುಲ್," ಅಂದೆ. ಸಿಸ್ಟರುಗಳು ಕಲಿಸಿದ್ದ ನಗು ನಕ್ಕೆ. "ಲವ್ಲಿ ಲ್ಯಾಬ್."

ಮೆಹದಿಪಟ್ಟಣಂ ಜಾಮಿನಲ್ಲಿ ಕಾರು ನಿಂತಾಗ ವಿಷಯ ಬಿಡಿಸಿ ಹೇಳಿದೆ. ಹುಡುಗಿ ಸ್ಟೀರಿಂಗ್ ಬಿಟ್ಟು ತಿರುಗಿದಳು.

"ಅಲ್ರೀ ಮೇಡಂ, ಅಲ್ಲೇ ಹೇಳಬೇಕಿತ್ತಲ್ರೀ! ಇವತ್ತೇ ರಿಪೋರ್ಟ್ ವಾಪಸ್ ತಗೊಂತಿದ್ರು."

"ತಗೊಂತಿದ್ದ. 'ಸ್ಯಾಂಪಲ್ಲಿಗೆ ಆಂಟಿಬಯಾಟಿಕ್ ತಾಗಿತ್ತು, ಖಚಿತ ಹೇಳಾಕಾಗಂಗಿಲ್ಲ' ಅಂತ ಬರದು, ಮುಂಜಾಗ್ರತಿಗೆ ಹಂದಿ ಹೂಳ್ರಿ ಅಂತ ಕೆಳಗ ಮತ್ತದೇ ಸಾಲು. ತಾನೂ ಉಳದ, ಫಾರ್ಮೂ ಉಳೀತು."

"ಅದು ಖರೆ. ಆದ್ರ ನೀವು ಹಂದಿ ಸಲುವಾಗಿ ಸುಮ್ನಾದ್ರೋ, ನಿಮ್ಮ ಸಲುವಾಗೋ?"

"ಎರಡಕ್ಕೂ. ಮೊದಲು ಯಾವುದು ಅಂತ ಕೇಳಬ್ಯಾಡ. ಹಸಿರು ಬಿತ್ತು, ಗಾಡಿ ತಗಿ."

ನನಗೆ ಬೇಕಾದದ್ದು ಸೂಜಿ ತಾಗದ ಒಂದು ಶ್ವಾಸಕೋಶ. ಅದನ್ನು ಎರಡು ಭಾಗ ಮಾಡಿ, ಅರ್ಧ ನನಗೆ, ಅರ್ಧ ಸಾಹೇಬರಿಗೆ. ಅವರು ಮತ್ತೊಮ್ಮೆ "ನೋ ಗ್ರೋತ್" ಅಂತ ಸಹಿ ಹಾಕಬೇಕು. ಆಮೇಲೆ ಅವರಿಗೆ ನುಸುಳಲು ಸಂದಿ ಇರುವುದಿಲ್ಲ. ಆದರೆ ದೊಡ್ಡಿಯಲ್ಲಿ ಸೂಜಿ ತಾಗದ ಹಂದಿ ಎಲ್ಲಿದೆ?

ಇತ್ತು, ಒಂದೇ ಒಂದು. ಯಜಮಾನ್ತಿ ಊರದೇವತೆ ಮೈಸಮ್ಮನಿಗೆ ಬಲಿಗೆ ಅಂತ ಬಿಟ್ಟಿದ್ದ ಹಂದಿ. ಅವಳ ಮನೆತನದಲ್ಲಿ, ಅಮ್ಮನಿಗೆ ಬಿಟ್ಟದ್ದರ ಮೈಗೆ ಹಬ್ಬದ ದಿನದವರೆಗೂ ಯಾವ ಕಬ್ಬಿಣವೂ ತಾಗುವ ಹಾಗಿಲ್ಲ. ಕತ್ತಿಯಿರಲಿ, ಸೂಜಿಯೂ ಇಲ್ಲ. ಬೀದಿಯ ಸೂಜಿಯವನಿಂದಲೂ ಅವಳು ಅದನ್ನು ಅಡ್ಡ ನಿಂತು ಕಾಪಾಡಿದ್ದಳು. ಈಗ ಅದೇ ಮುಂಗಾಲೂರಿ ಕೂತುಬಿಟ್ಟಿತ್ತು.

ಹುಡುಗಿ ಇಂಜೆಕ್ಷನ್ ತುಂಬಿಕೊಂಡು ಅಂಗಲಾಚಿದಳು. ಯಜಮಾನ್ತಿ ಒಪ್ಪಲಿಲ್ಲ. ನಾನು ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನಕ್ಕೆ ಅದು ಸತ್ತಿತು.

ಕೊಯ್ಯಬಹುದಾ ಅಂತ ಕೇಳುವುದು ನನ್ನ ಪಾಲಿಗೆ ಬಂತು. ಅವಳ ಪಕ್ಕ ನೆಲದ ಮೇಲೆ ಕೂತೆ. ಆ ಮೊಣಕಾಲಲ್ಲಿ ಹೇಗೆ ಕೂತೆನೋ. ತೆಲುಗಿನಲ್ಲಿ, ಸುತ್ತು ಬಳಸದೆ ಹೇಳಿದೆ. "ಇದರ ಶ್ವಾಸಕೋಶ ನನಗೆ ಕೊಡು. ಕೊಟ್ಟರೆ ಉಳಿದವು ಯಾಕೆ ಸಾಯ್ತಿದಾವೆ ಅಂತ ಕಮಿಟಿಯವರಿಗೆ ತೋರಿಸ್ತೀನಿ. ಕೊಡದಿದ್ರೆ ಅವರು ಬಂದು ಎಲ್ಲ ಹೂಳ್ತಾರೆ. ನನಗೆ ಇನ್ನೊಂದು ದಾರಿ ಗೊತ್ತಿಲ್ಲ."

ಅವಳು ಆ ಕರಿ ಮೈಯ ಮೇಲೆ ಕೈ ಆಡಿಸಿದಳು. ಆಮೇಲೆ ಮೂಲೆಯ ಮೈಸಮ್ಮನ ಸಣ್ಣ ಗುಡಿಯ ಕಡೆ ತಿರುಗಿ, ನೆರೆಮನೆಯವಳನ್ನು ಬೈಯುವ ಧಾಟಿಯಲ್ಲಿ ಹೇಳಿದಳು: "ತಲ್ಲೀ, ನಿನಗೆ ಅಂತ ಇಟ್ಟದ್ದನ್ನ ನೀನೇ ಕಾಯಲಿಲ್ಲ. ಈಗ ಕೊಯ್ಯಬೇಡ ಅನ್ನೋ ಬಾಯಿ ನಿನಗಿಲ್ಲ." ಅರಿಶಿನ ತಂದು ಹಂದಿಯ ಹಣೆಗೆ ಹಚ್ಚಿದಳು. ಹುಡುಗಿಯತ್ತ ನೋಡಿ, "ಮುಖ ಕೊಯ್ಯಬೇಡ," ಅಂದಳು.

ಹೊರಗಿನ ರೋಗಾಣು ಸೇರದ ಹಾಗೆ ಬಿಸಿ ಮಾಡಿದ ಚಪ್ಪಟೆ ಅಲಗಿನಿಂದ ಶ್ವಾಸಕೋಶದ ಮೇಲ್ಮೈ ಸುಟ್ಟು, ಒಳಗಿಂದ ಸ್ಯಾಂಪಲ್ ತೆಗೆದೆವು. ಇನ್ನರ್ಧವನ್ನು ಐಸಿನಲ್ಲಿಟ್ಟು, ಸೂಜಿ ತಾಗದ ಪ್ರಾಣಿ ಅಂತ ಸ್ಪಷ್ಟವಾಗಿ ಬರೆದು, ಹುಡುಗಿ ಅದೇ ಸಂಜೆ ಸಾಹೇಬರ ಲ್ಯಾಬಿಗೆ ತಲುಪಿಸಿದಳು.

ಬೆಳಿಗ್ಗೆ ಇನ್‌ಕ್ಯುಬೇಟರ್ ತೆರೆದೆ. ಬೆಚ್ಚಗಿನ ಅಗಾರಿನ ವಾಸನೆ ಮುಖಕ್ಕೆ ಬಂತು. ಎಷ್ಟು ವರ್ಷ ಆಗಿತ್ತೋ ಆ ವಾಸನೆಗೆ. ಹಳೇ ಲ್ಯಾಬಿನ ಎತ್ತರದ ಕಿಟಕಿಗಳು, ಸೀರೆಯ ಮೇಲೆ ತೊಡುತ್ತಿದ್ದ ಬಿಳಿ ಕೋಟು, ಈಗ ಇಲ್ಲದ ಗೆಳತಿಯರು, ಎಲ್ಲ ಒಂದು ಗಳಿಗೆ ಬಂದು ನಿಂತು ಹೋದರು. ಆಮೇಲೆ ಪ್ಲೇಟನ್ನು ಬೆಳಕಿಗೆ ಹಿಡಿದೆ.

ಸ್ಟ್ಯಾಫಿನ ಗೆರೆಯ ಎರಡೂ ಬದಿ, ಮದುವೆ ಪಂಕ್ತಿಗೆ ಕೂತವರ ಹಾಗೆ, ಇಬ್ಬನಿ ಹನಿಯಷ್ಟು ಸಣ್ಣ ಕಾಲನಿಗಳು. ಒಂದೊಂದರ ಸುತ್ತಲೂ ರಕ್ತ ಕರಗಿ ತಿಳಿಯಾದ ಉಂಗುರ. ಗೆರೆಯಿಂದ ದೂರದಲ್ಲಿ ಏನೂ ಇಲ್ಲ. ಯೂರಿಯೇಸ್ ಟೆಸ್ಟ್ ಹಾಕಿದೆ, ಟ್ಯೂಬು ಗುಲಾಬಿಯಾಯಿತು. ಎಪಿಪಿಯೇ, ಅನುಮಾನ ಇಲ್ಲ.

"ಬಂತೇನ್ರೀ?" ಅಂತ ಹುಡುಗಿ ಫೋನಿನಲ್ಲಿ ಕಿರುಚಿದಳು.

"ಬಂತು ಮಗಳ. ದೊಡ್ಡಿಗೆ ಓಡು. ಯಾವ ಔಷಧಕ್ಕ ಸಾಯ್ತೈತಿ ಅಂತ ನೋಡಾಕ ಪ್ಲೇಟಿಗೆ ಔಷಧದ ಡಿಸ್ಕ್ ಹಾಕೀನಿ, ನಾಳಿಗೆ ತಿಳೀತೈತಿ. ಅಲ್ಲೀತನಕ ಸೆಫ್ಟಿಯೋಫರ್ ಇಂಜೆಕ್ಷನ್ ಶುರು ಮಾಡು, ಕೆಮ್ಮುವ ಒಂದನ್ನೂ ಬಿಡಬ್ಯಾಡ."

ಔಷಧ ಅವತ್ತೇ ಶುರುವಾಯಿತು, ಡಿಸ್ಕೂ ಮರುದಿನ ಅದಕ್ಕೇ ಹೂಂ ಅಂದಿತು. ಪ್ಲೇಟನ್ನು ಮಾತ್ರ ನಾನು ಯಾರಿಗೂ ತೋರಿಸಲಿಲ್ಲ. ಸಾಹೇಬರ ರಿಪೋರ್ಟಿಗೆ ಕಾದೆ. ಕಾಯುವ ಆ ದಿನಗಳಲ್ಲಿ ನನಗೆ ಹಸಿವೂ ಚೆನ್ನಾಗಿತ್ತು, ನಿದ್ದೆಯೂ ಚೆನ್ನಾಗಿತ್ತು. ರಿಪೋರ್ಟ್ ಕಮಿಟಿಯ ಮುನ್ನಾದಿನ ಬಂತು: ನೋ ಬ್ಯಾಕ್ಟೀರಿಯಲ್ ಗ್ರೋತ್. ಕೆಳಗೆ ಅದೇ ಸಹಿ.

ಕಮಿಟಿಯಲ್ಲಿ ಇಲಾಖೆಯ ಹಿರಿಯ ಅಧಿಕಾರಿ, ನಗರಸಭೆಯವರು, ಫಾರ್ಮಿನ ಮಾಲೀಕ ಎಲ್ಲ ಇದ್ದರು. ಸಾಹೇಬರು ತಮ್ಮ ರಿಪೋರ್ಟ್ ಓದಿ, ನಾಟಿ ಹಂದಿ ಅಂದರೆ ರೋಗದ ಗೋದಾಮು ಅಂತ ಸಣ್ಣ ಭಾಷಣವನ್ನೂ ಮಾಡಿದರು. ಅಧಿಕಾರಿ ನನ್ನ ಕಡೆ ನೋಡಿದರು. ನಾನು ಎದ್ದು ನಿಲ್ಲಲಿಲ್ಲ. ವೈವಾ ತೆಗೆದುಕೊಳ್ಳುವವರು ಕೂತೇ ಕೇಳುತ್ತಾರೆ.

"ಡಾಕ್ಟರ್, ಯಾವ ಮೀಡಿಯಾದಲ್ಲಿ ಹಾಕಿದ್ರಿ?"

"ಬ್ಲಡ್ ಅಗಾರ್, ಮೇಡಂ. ಎಬಿಸಿಡಿ ಇದು."

"ಯಾರ ಬ್ಲಡ್?"

"ಯಾರ ಅಂದ್ರೆ? ಬ್ಲಡ್."

"ಕುರಿದಾ, ಕುದುರೇದಾ?"

ಅವರು ನೀರಿನ ಗ್ಲಾಸ್ ತೆಗೆದುಕೊಂಡರು. "ಬ್ಲಡ್ ಬ್ಯಾಂಕಿಂದು."

"ಹೈದರಾಬಾದಿನಲ್ಲಿ ಕುರಿಗಳಿಗೆ ಬ್ಲಡ್ ಬ್ಯಾಂಕ್ ಎಲ್ಲಿದೆ?"

ಯಾರೋ ಫಕ್ಕನೆ ನಕ್ಕರು. ಅಧಿಕಾರಿ ಪೆನ್ ಕೆಳಗಿಟ್ಟರು.

"ಹ್ಯೂಮನ್," ಅಂದರು ಸಾಹೇಬರು. "ಎಲ್ಲ ಲ್ಯಾಬಿನವರೂ ಇದನ್ನೇ ಮಾಡ್ತಾರೆ."

"ಅವಧಿ ಮುಗಿದದ್ದು?"

"ಮೇಡಂ, ಎಲ್ಲರೂ ಮಾಡ್ತಾರೆ ಅಂದೆನಲ್ಲ."

"ಎಲ್ಲರೂ ಮಾಡಬಹುದು. ಅದನ್ನ ನಂಬಿ ಒಂದಿಡೀ ದೊಡ್ಡಿ ಹೂಳೋಕೆ ಎಲ್ಲರೂ ಸಹಿ ಹಾಕಲ್ಲ. ನರ್ಸ್ ಸ್ಟ್ರೀಕ್ ಹಾಕಿದ್ರಾ?"

ಅವರು ತಮ್ಮ ರಿಪೋರ್ಟ್ ಮಡಚತೊಡಗಿದರು. ನಾನು ಬ್ಯಾಗಿನಿಂದ ಸೀಲ್ ಮಾಡಿದ ಪ್ಲೇಟ್ ತೆಗೆದು ಅವರ ಕೈಗೇ ಕೊಟ್ಟೆ. "ಕಿಟಕಿ ಹತ್ತಿರ ಹೋಗಿ ನೋಡಿ. ಅದೇ ಹಂದಿ, ಅದೇ ಶ್ವಾಸಕೋಶ. ನಿಮಗೆ ಬಂದದ್ದು ಇದರ ಇನ್ನರ್ಧ. ಏನು ಕಾಣುತ್ತೆ ಎಲ್ಲರಿಗೂ ಹೇಳಿ. ಜೋರಾಗಿ, ನನಗೆ ಕಿವಿ ಸ್ವಲ್ಪ ಮಂದ."

ನನ್ನ ಕಿವಿಗೆ ಏನೂ ಆಗಿಲ್ಲ.

ಅವರು ಕಿಟಕಿಗೆ ಹೋದರು. ಬೆನ್ನು ನಮ್ಮ ಕಡೆ. "ಗೆರೆ ಪಕ್ಕ ಸ್ಯಾಟಲೈಟ್ ಕಾಲನಿಗಳು," ಅಂದರು ಕೊನೆಗೆ. "ಎಪಿಪಿ ಥರ ಇದೆ."

"ಥರ?"

"ಎಪಿಪಿ."

ಕೊಲ್ಲುವ ಮಾತು ಅಲ್ಲಿಗೆ ನಿಂತಿತು. ಅಧಿಕಾರಿ ಫಾರ್ಮಿನಿಂದ ಹಂದಿ ಹೊರಗೆ ಹೋಗುವುದನ್ನು ನಿಲ್ಲಿಸಿ, ಅಲ್ಲಿಯೂ ಸ್ಯಾಂಪಲ್ ತೆಗೆಯಲು ಹೇಳಿದರು. ಮುಂದೆ ಅಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ದೂರದ ಲ್ಯಾಬಿನಿಂದ ವೈರಸ್ ಇಲ್ಲ ಅಂತಲೂ ಬಂತು. ಬಾಗಿಲ ಬಳಿ ಸಾಹೇಬರು ನನ್ನನ್ನು ತಡೆದರು.

"ಬ್ಲಡ್ ಬ್ಯಾಗ್ ಆವತ್ತೇ ನೋಡಿದ್ರಿ ಅಲ್ವಾ? ಮೇಡಂ, ಒಂದು ಫೋನ್ ಮಾಡಬಹುದಿತ್ತು."

"ಮಾಡಬಹುದಿತ್ತು," ಅಂದೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಉಳಿದ ಇಂಜೆಕ್ಷನ್‌ಗಳೆಲ್ಲ ತಪ್ಪು ರಿಪೋರ್ಟ್ ಕೊಟ್ಟವರ ಸಮ್ಮುಖದಲ್ಲೇ ಆಗಲಿ, ಯಜಮಾನ್ತಿಗೆ ವಿಷಯವನ್ನು ಅವರೇ ಬಾಯಾರೆ ಹೇಳಲಿ ಅಂತ ಅಧಿಕಾರಿಯನ್ನು ಕೇಳಿಕೊಂಡೆ. ಅವರಿಗೂ ಅದು ರುಚಿಸಿತು ಅಂತ ಕಾಣುತ್ತೆ, ಬರೆದುಕೊಟ್ಟರು.

ಸಾಹೇಬರು ದೊಡ್ಡಿಗೆ ಬಂದರು. ಇಸ್ತ್ರಿ ಶರ್ಟು, ಪಾಲಿಶ್ ಬೂಟು. ಕೆಸರಿನ ಅಂಚಿನಲ್ಲಿ ನಿಂತು ತೆಲುಗಿನಲ್ಲಿ ಹೇಳಿದರು: ನಿನ್ನ ಹಂದಿಗಳ ತಪ್ಪಿಲ್ಲ, ಕಾಯಿಲೆ ಫಾರ್ಮಿನ ಗಂಡಿನಿಂದ ಬಂದದ್ದು, ಯಾರೂ ಹೂಳಲು ಬರುವುದಿಲ್ಲ. ಯಜಮಾನ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಕೈ ಮುಗಿಯಲಿಲ್ಲ.

"ಹೇಳಿದ್ದು ಆಯಿತಾ ಅಯ್ಯಾ?"

"ಆಯಿತಮ್ಮ."

"ಹಾಗಾದ್ರೆ ಇದನ್ನ ಹಿಡೀರಿ," ಅಂತ, ಕಿರುಚುತ್ತಿದ್ದ ದೊಡ್ಡ ಹೆಣ್ಣು ಹಂದಿಯೊಂದರ ಮೂತಿಗೆ ಬಿಗಿದ ಹಗ್ಗವನ್ನು ಅವರ ಕೈಗೆ ಕೊಟ್ಟುಬಿಟ್ಟಳು. ಹುಡುಗಿ ಸಿರಿಂಜ್ ತುಂಬಿಕೊಂಡು ಗಂಭೀರ ಮುಖ ಮಾಡಿ ಕಾದು ನಿಂತಿದ್ದಳು, ತುಟಿ ಮಾತ್ರ ಅದುರುತ್ತಿತ್ತು. ಸಾಹೇಬರು ನನ್ನ ಕಡೆ ನೋಡಿದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದೆ. ಹಂದಿ ಒಮ್ಮೆ ಜಗ್ಗಿತು. ಒಂದು ಬೂಟು ಕೆಸರಿಗೆ ಇಳಿಯಿತು, ಆಮೇಲೆ ಇನ್ನೊಂದು.

"ಗಟ್ಟಿ ಹಿಡೀರಿ ಅಯ್ಯಾ," ಅಂದಳು ಯಜಮಾನ್ತಿ, ಹಿಂದೆ ಸಾಲಾಗಿ ಕೂಡಿಹಾಕಿದ್ದ ಕರಿ ಬೆನ್ನುಗಳತ್ತ ಕೈ ಬೀಸಿ. "ಇದು ಮೊದಲನೇದು. ಇವೆಲ್ಲ ಬದುಕಿದಾವಲ್ಲ, ಎಲ್ಲವನ್ನೂ ನೀವೇ ಹಿಡೀಬೇಕು."